ವೇಬಿಲ್‌ನಲ್ಲಿ ಬರೆದ ಸ್ವಂತ ಹಣ: ತನಗಾಗಿ ಖರ್ಚು ಮಾಡಲು ಕೈ ಬಾರದವರಿಗೊಂದು ಮಾರ್ಗದರ್ಶಿ

ಮೂರು ವರ್ಷಗಳ ಹಿಂದಿನ ಒಂದು ಶನಿವಾರ. ಬೆಳಿಗ್ಗೆ ತಂಗಿಯ ಮಗನ ಕಾಲೇಜು ಶುಲ್ಕಕ್ಕೆಂದು 18,000 ರೂಪಾಯಿ ಕಳುಹಿಸಿದೆ. ಕಾಫಿ ಕುಡಿಯುತ್ತಲೇ ಮೊಬೈಲ್‌ನಲ್ಲಿ ಒತ್ತಿ ಮುಗಿಸಿದ ಕೆಲಸ. ಅದೇ ಸಂಜೆ ನನಗೊಂದು ಜೊತೆ ಬೂಟು ಕೊಳ್ಳಲು ಹೋಗಿ ಅಂಗಡಿಯಲ್ಲಿ ಮುಕ್ಕಾಲು ಗಂಟೆ ನಿಂತೆ. ಹಿಮ್ಮಡಿ ನೋವಿಗೆ ವೈದ್ಯರೇ ಹೇಳಿದ್ದ ಬೂಟು, ಬೆಲೆ 3,600. ಕೊನೆಗೂ ಕೊಂಡೆ. ಮನೆಗೆ ತಂದು ಡಬ್ಬದ ಸಮೇತ ಮಂಚದ ಕೆಳಗೆ ತಳ್ಳಿದೆ. ಆಮೇಲೆ ಮೂರು ವಾರ ಹಳೆಯ ಚಪ್ಪಲಿಯಲ್ಲೇ ಕುಂಟುತ್ತ ಓಡಾಡಿದೆ.

ಇಂಥದ್ದು ನಿಮಗೂ ಆಗಿದ್ದರೆ ಮುಂದೆ ಓದಿ. ನಿಮ್ಮನ್ನು ಯಾರೂ ಜಿಪುಣರೆನ್ನಲಾರರು. ಮದುವೆಯ ಮುಯ್ಯಿಗೆ ನೀವು ಹಿಂದೆಮುಂದೆ ನೋಡುವುದಿಲ್ಲ, ಮಕ್ಕಳು ಕೇಳಿದ್ದು ಮನೆಗೆ ಬರುತ್ತದೆ, ನೆಂಟರಿಗೆ ಬಡಿಸುವಾಗ ತುಪ್ಪದ ಚಮಚ ತುಂಬಿಯೇ ಇರುತ್ತದೆ. ನಿಮ್ಮ ವಿಷಯ ಬಂದಾಗ ಮಾತ್ರ ಕೈ ಕಟ್ಟುತ್ತದೆ. ಇದಕ್ಕೆ ನಮ್ಮಲ್ಲಿ ತಕ್ಕ ಮಾತೇ ಇದೆ: ಕೈ ಬರುವುದಿಲ್ಲ.

ನಮ್ಮಪ್ಪ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಆಗಿದ್ದರು, ಅರಸೀಕೆರೆ ಡಿಪೋದಲ್ಲಿ. ಹೆಗಲಿನ ಚರ್ಮದ ಚೀಲ ಸಂಜೆಯ ಹೊತ್ತಿಗೆ ತುಂಬಿ ಜೋತು ಬೀಳುತ್ತಿತ್ತು. ಅದರಲ್ಲಿ ಒಂದು ಪೈಸೆಯೂ ನಮ್ಮದಲ್ಲ ಎಂಬುದು ಬುದ್ಧಿ ಬರುವ ಮೊದಲೇ ನಮಗೆ ತಿಳಿದಿತ್ತು. ಮನೆಯಲ್ಲಿ ಹೊಸ ಸೋಪನ್ನು ದಾರದಿಂದ ಎರಡು ತುಂಡು ಮಾಡುತ್ತಿದ್ದರು. ವರ್ಷದ ಕೊನೆಗೆ ನೋಟ್‌ಬುಕ್‌ಗಳ ಖಾಲಿ ಹಾಳೆಗಳನ್ನು ಕಿತ್ತು ಹೊಲಿದರೆ ಮುಂದಿನ ವರ್ಷಕ್ಕೆ ರಫ್ ಬುಕ್ ಸಿದ್ಧ. ಎಣ್ಣೆಯ ಪೊಟ್ಟಣವನ್ನು ಕತ್ತರಿಸಿ ಒಳಮೈಗೆ ರೊಟ್ಟಿ ಒರೆಸುವುದು ಅಮ್ಮನ ಪದ್ಧತಿ. ವರ್ಷಕ್ಕೊಮ್ಮೆ ಹೋಟೆಲ್ಲಿಗೆ ಹೋದರೆ ಅಮ್ಮನಿಗೆ ಅಂದೇ ಹೊಟ್ಟೆ ಭಾರ, ಏನೂ ಬೇಡ. ಇದರಲ್ಲಿ ಯಾವುದರ ಬಗ್ಗೆಯೂ ನನಗೆ ದೂರಿಲ್ಲ. ಇಂದಿಗೂ ನಾನು ಟೂತ್‌ಪೇಸ್ಟ್ ಟ್ಯೂಬನ್ನು ಕತ್ತರಿಸಿಯೇ ಬಿಸಾಡುವುದು, ಅದನ್ನು ಬಿಡುವ ಇರಾದೆಯೂ ಇಲ್ಲ. ತೊಂದರೆಯೇನೆಂದರೆ, ನನ್ನ ಸಂಬಳವೂ ನನಗೆ ಅಪ್ಪನ ಚೀಲದ ದುಡ್ಡಿನಂತೆಯೇ ಕಾಣತೊಡಗಿತ್ತು: ನನ್ನ ಕೈಯಿಂದ ಹಾದುಹೋಗುವುದು, ಇನ್ನಾರಿಗೋ ಸೇರಿದ್ದು.

ಹೆಜ್ಜೆ 1: ಚುಚ್ಚುತ್ತಿರುವುದು ಯಾವುದೆಂದು ಹಿಡಿಯಿರಿ

"ತಪ್ಪು ಮಾಡಿದಂತಾಗುತ್ತದೆ" ಎಂದು ಎಲ್ಲವನ್ನೂ ಒಂದೇ ಮಾತಿನಲ್ಲಿ ಕಟ್ಟಿಬಿಡುತ್ತೇವೆ. ಒಳಗಿರುವ ಮುಳ್ಳುಗಳು ಬೇರೆ ಬೇರೆ. ಕೊಳ್ಳಬೇಕೆಂದು ಬಹಳ ದಿನದಿಂದ ಅಂದುಕೊಂಡಿರುವ ಒಂದು ವಸ್ತುವನ್ನು ನೆನೆಸಿಕೊಂಡು ಈ ಮೂರನ್ನು ಕೇಳಿಕೊಳ್ಳಿ.

ಖಾತೆಯಲ್ಲಿ ಈಗಿರುವುದರ ಎರಡರಷ್ಟು ಹಣವಿದ್ದರೆ ನಿರಾಳವಾಗಿ ಕೊಳ್ಳುತ್ತಿದ್ದಿರಾ? ಹಾಗಾದರೆ ಅದು ನಾಳಿನ ಭಯ, ಅದಕ್ಕೆ ಎರಡನೆಯ ಹೆಜ್ಜೆ ಸಾಕು. ಯಾರ ಕಣ್ಣಿಗೂ ಬೀಳುವುದಿಲ್ಲವೆಂದರೆ ಕೊಳ್ಳುತ್ತಿದ್ದಿರಾ? ಅದು ನಾಚಿಕೆ, "ನಾಲ್ಕು ಕಾಸು ಬಂದ ಮೇಲೆ ಬದಲಾದ" ಎನ್ನಿಸಿಕೊಳ್ಳುವ ಅಂಜಿಕೆ. ನಾಲ್ಕು ಸಲ ಹಾಕಿಕೊಂಡು ತಿರುಗಿದರೆ ಅದು ತಾನಾಗಿ ಸವೆಯುತ್ತದೆ, ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮೂರನೆಯದು: ಇದೇ ವಸ್ತುವನ್ನು ಯಾರಾದರೂ ಉಡುಗೊರೆಯಾಗಿ ಕೊಟ್ಟರೆ ಖುಷಿಯಿಂದ ಬಳಸುತ್ತೀರಾ? ಬಳಸುತ್ತೀರಿ, ಆದರೆ ನೀವೇ ಕೊಳ್ಳಲಾರಿರಿ ಎಂದಾದರೆ ಅದು ಋಣ. ನಮ್ಮಂಥವರಲ್ಲಿ ಹೆಚ್ಚಿನವರನ್ನು ಕಾಡುವುದು ಇದೇ. ಅಪ್ಪ 31 ವರ್ಷ ಓಡುವ ಬಸ್ಸಿನಲ್ಲಿ ನಿಂತೇ ದುಡಿದರು. ಅವರ ಕಾಲಿಗೆ ಸಿಗದ ಮೆತ್ತನೆಯ ಅಟ್ಟೆ ನನ್ನ ಕಾಲಿಗೇಕೆ? ಈ ಪ್ರಶ್ನೆಗೆ ಬ್ಯಾಂಕಿನ ಪಾಸ್‌ಬುಕ್ ಉತ್ತರ ಹೇಳುವುದಿಲ್ಲ. ಅದಕ್ಕೇ ಸಂಬಳ ಎರಡು ಪಟ್ಟಾದರೂ ಈ ಅಳುಕು ಇಳಿಯುವುದಿಲ್ಲ.

ಋಣ ತೀರಿಸಬೇಕೆನಿಸಿದರೆ ನೇರವಾಗಿ ತೀರಿಸಿ. ತಂದೆತಾಯಿಯ ಆರೋಗ್ಯ ವಿಮೆ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಅವರ ಬಚ್ಚಲಿಗೊಂದು ಹಿಡಿಕೆ, ಜಾರದ ಕಲ್ಲು. ಇವು ತೀರಿಸುವ ದಾರಿಗಳು. ನಾನು ಮೂರು ವಾರ ಕುಂಟಿದ್ದರಿಂದ ಅಪ್ಪನ ಒಂದು ಟ್ರಿಪ್ಪಿನ ದಣಿವೂ ಇಳಿಯಲಿಲ್ಲ.

ಅಮೆರಿಕದ ಸಂಶೋಧಕ ಸ್ಕಾಟ್ ರಿಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಉಳಿಸುವುದರಲ್ಲಿ ಸುಖ ಕಾಣುವವರು ಬೇರೆ, ಕೊಡುವಾಗ ನೋಯುವುದರಿಂದ ಉಳಿಸುವವರು ಬೇರೆ ಎಂದು ಅವರು ವಿಂಗಡಿಸಿದರು. ಎರಡನೆಯವರು ತಾವೇ ಬಯಸುವುದಕ್ಕಿಂತ ಕಡಿಮೆ ಖರ್ಚು ಮಾಡುತ್ತಾರೆ. ನೀವು ಮೊದಲನೆಯ ಗುಂಪಿನವರಾದರೆ ಈ ಮಾರ್ಗದರ್ಶಿ ನಿಮಗೆ ಬೇಕಿಲ್ಲ, ನಿಮ್ಮ ಪಾಡಿಗೆ ಸುಖವಾಗಿರಿ.

ಹೆಜ್ಜೆ 2: ಭಯದ ಲೆಕ್ಕವನ್ನು ಕಾಗದದ ಮೇಲೆ ಮುಗಿಸಿ

ಕ್ರೆಡಿಟ್ ಕಾರ್ಡಿನ ಬಾಕಿಯನ್ನು ತಿಂಗಳಿಂದ ತಿಂಗಳಿಗೆ ತಳ್ಳುತ್ತಿದ್ದರೆ ಇಲ್ಲಿಯೇ ನಿಲ್ಲಿ. ಆ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೇ ಶೇಕಡ 3ರ ಮೇಲೆ. ಅಂಥ ಸ್ಥಿತಿಯಲ್ಲಿ ಮನಸ್ಸು ಚುಚ್ಚಿದರೆ ಅದು ಸರಿಯಾಗಿಯೇ ಚುಚ್ಚುತ್ತಿದೆ. ಮೊದಲು ಬಾಕಿ ತೀರಿಸಿ.

ಸಾಲದ ಗೋಜಿಲ್ಲದವರು ಒಂದು ಹಾಳೆಯಲ್ಲಿ ಬರೆಯಿರಿ: ಆರು ತಿಂಗಳ ಮನೆಖರ್ಚು ಕೈಗೆಟುಕುವಂತೆ ಇದೆಯೇ, ಮನೆಮಂದಿಗೆ ಆರೋಗ್ಯ ವಿಮೆ ಇದೆಯೇ, ತಿಂಗಳ ಉಳಿತಾಯ ತಪ್ಪದೆ ಹೋಗುತ್ತಿದೆಯೇ. ಬಿಗಿಯಾಗಿ ಬೆಳೆದವರ ವಿಚಿತ್ರವೆಂದರೆ, ಉಳಿತಾಯಕ್ಕೆ ನಾವು ಕೆಳಗಿನ ಮಿತಿ ಹಾಕುತ್ತೇವೆಯೇ ಹೊರತು ಮೇಲಿನ ಮಿತಿ ಹಾಕುವುದಿಲ್ಲ. ಅಂಚೆ ಕಚೇರಿಯ ಆರ್.ಡಿ. (ತಿಂಗಳ ಕಂತಿನ ಠೇವಣಿ) ಐದು ವರ್ಷಕ್ಕೆ ಮುಗಿಯುತ್ತದೆ, ಮುಗಿದ ಮರುದಿನ ಆ ಹಣವೆಲ್ಲ ಇನ್ನೊಂದು ಠೇವಣಿಗೆ ಹೋಗುತ್ತದೆ. ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) 15 ವರ್ಷಕ್ಕೆ ಪಕ್ವವಾಗುತ್ತದೆ, ಅದನ್ನೂ ಮುಂದುವರಿಸುತ್ತೇವೆ. ಯಾವ ಹಣ ಯಾವತ್ತು ಖರ್ಚಾಗಲಿದೆ ಎಂದು ಕೇಳಿದರೆ ಉತ್ತರವಿಲ್ಲ. ಆ ಹಾಳೆಯಲ್ಲಿ "ತಿಂಗಳಿಗೆ ಇಷ್ಟು ಉಳಿದರೆ ಸಾಕು" ಎಂದು ಅಂಕಿಯಲ್ಲಿ ಬರೆಯಿರಿ. ಸಾಕು ಎಂಬ ಪದದ ಮುಂದೆ ಅಂಕಿ ಬರೆಯಲು ನನಗೆ ಎರಡು ಭಾನುವಾರ ಹಿಡಿದವು.

ಹೆಜ್ಜೆ 3: ಸ್ವಂತ ಹಣವನ್ನು ಮೊದಲೇ ಘೋಷಿಸಿ

ಇದೇ ಈ ಬರಹದ ತಿರುಳು. ಇದನ್ನು ಅಪ್ಪನ ಕೆಲಸದಿಂದಲೇ ಎತ್ತಿಕೊಂಡಿದ್ದೇನೆ.

ಡ್ಯೂಟಿ ಹತ್ತುವ ಮೊದಲು ಕಂಡಕ್ಟರ್ ತನ್ನ ಜೇಬಿನಲ್ಲಿರುವ ಸ್ವಂತ ಹಣ ಎಷ್ಟೆಂದು ದಿನದ ಟಿಕೆಟ್ ಲೆಕ್ಕ ಬರೆಯುವ ಹಾಳೆಯಾದ ವೇಬಿಲ್‌ನಲ್ಲಿ ಬರೆಯಬೇಕು. ದಾರಿಯಲ್ಲಿ ತನಿಖೆಯವರು ಹತ್ತಿ ಹಣ ಎಣಿಸಿದಾಗ ಟಿಕೆಟ್ ಲೆಕ್ಕಕ್ಕಿಂತ ಹೆಚ್ಚು ಸಿಕ್ಕಿದರೆ ಅದಕ್ಕೆ ಅವನೇ ಉತ್ತರ ಕೊಡಬೇಕು. ಬರೆದುಕೊಂಡಿರುವ ಹಣ ಮಾತ್ರ ಅವನದು. ಬೆಳಿಗ್ಗೆ ಬರೆದ ಆ 20 ರೂಪಾಯಿಯಲ್ಲಿ ಅಪ್ಪ ಕಡೂರಿನ ನಿಲ್ದಾಣದಲ್ಲಿ ಯಾವ ಅಂಜಿಕೆಯೂ ಇಲ್ಲದೆ ಇಡ್ಲಿ ತಿಂದು ಕಾಫಿ ಕುಡಿಯುತ್ತಿದ್ದರು. ಅಷ್ಟೇ ಹಣ ಬರೆಯದೆ ಜೇಬಿನಲ್ಲಿದ್ದಿದ್ದರೆ ಇಡ್ಲಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನೀವೂ ಹಾಗೆಯೇ ಮಾಡಿ. ಸಂಬಳ ಬಂದ ದಿನ, ಬೇರೆ ಯಾವ ಖರ್ಚಿಗೂ ಮೊದಲು, ಒಂದು ಮೊತ್ತವನ್ನು ಬೇರೆ ಖಾತೆಗೆ ಹಾಕಿ. ಆರಂಭಕ್ಕೆ ಸಂಬಳದ ನೂರಕ್ಕೆ ಮೂರು ಪಾಲು ಸಾಕು. 50,000 ಬರುವವರಿಗೆ ಅದು 1,500. ತಾನಾಗಿ ವರ್ಗಾವಣೆಯಾಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟುಬಿಡಿ. ಪ್ರತಿ ತಿಂಗಳೂ ಕೈಯಾರೆ ಹಾಕಬೇಕಾದರೆ ಪ್ರತಿ ತಿಂಗಳೂ ಒಂದು ನೆಪ ಸಿಗುತ್ತದೆ.

ಈ ಖಾತೆಗೆ ಕಟ್ಟುನಿಟ್ಟು ಬೇಕು. ಇದರಿಂದ ಮಕ್ಕಳಿಗೆ, ಮನೆಗೆ, ದೇವಸ್ಥಾನಕ್ಕೆ, ನೆಂಟರಿಗೆ ಏನನ್ನೂ ಕೊಳ್ಳುವಂತಿಲ್ಲ. ಅದಕ್ಕೆಲ್ಲ ಉಳಿದ 97 ಪಾಲು ಇದೆ. ಇನ್ನೊಂದು: ಮೂರು ತಿಂಗಳ ಮೊತ್ತಕ್ಕಿಂತ ಹೆಚ್ಚು ಕೂಡಿಬೀಳಬಾರದು, ಕೂಡಿದರೆ ಆ ವಾರವೇ ಖರ್ಚಾಗಬೇಕು. ಇದು ಕೇಳಲು ಹುಚ್ಚಾಟವೆನಿಸುತ್ತದೆ. ನಾನೂ ಮೊದಲ ಐದು ತಿಂಗಳು ಏನನ್ನೂ ಕೊಳ್ಳದೆ, ಆ 7,500ನ್ನು ಠೇವಣಿಗೆ ಹಾಕಿ ಬಂದು ಹೆಂಡತಿಯಿಂದ ಬೈಸಿಕೊಂಡವನೇ.

ದುಡ್ಡನ್ನು ಹೀಗೆ ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ನೋಡುವ ಮನುಷ್ಯನ ಸ್ವಭಾವವನ್ನು ಅಧ್ಯಯನ ಮಾಡಿದ ರಿಚರ್ಡ್ ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ರೂಪಾಯಿ ಎಲ್ಲಿದ್ದರೂ ರೂಪಾಯಿಯೇ, ಆದರೆ ಮನಸ್ಸು ಹಾಗೆ ಎಣಿಸುವುದಿಲ್ಲ. ಸಾಸಿವೆ ಡಬ್ಬಿಯ ದುಡ್ಡು ಬೇರೆ, ಚೀಟಿಯ ದುಡ್ಡು ಬೇರೆ ಎಂದು ನಡೆಸಿಕೊಂಡು ಬಂದ ನಮ್ಮ ತಾಯಂದಿರಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಒಂದೇ ಕೊರತೆ, ಅವರ ಡಬ್ಬಿಗಳಲ್ಲಿ ಅವರ ಹೆಸರಿನದು ಇರಲಿಲ್ಲ. ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯನ್ನು ಕೂಡಿಟ್ಟು ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದು 2024ರಲ್ಲಿ ಸುದ್ದಿಯಾಯಿತು. ಓದಿ ಕಣ್ಣು ತುಂಬಿತು. ಅಜ್ಜಿ ತನಗೇನು ಕೊಂಡರೋ ಎಂದು ಮಾತ್ರ ನಾವು ಯಾರೂ ಕೇಳಲಿಲ್ಲ.

ಹಣವನ್ನು ಮೊದಲೇ ಕಟ್ಟಿಬಿಡುವುದೂ ಇದೇ ಜಾತಿಯ ಉಪಾಯ. ರಾನ್ ಕಿವೆಟ್ಸ್ ಮತ್ತು ಇಟಮಾರ್ ಸೈಮನ್‌ಸನ್ 2002ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಕೆಲವರು ನಗದು ಬಹುಮಾನವನ್ನು ಬಿಟ್ಟು ಅದಕ್ಕಿಂತ ಕಡಿಮೆ ಬೆಲೆಯ ಸುಖದ ಬಹುಮಾನವನ್ನೇ ಆರಿಸಿಕೊಂಡರು. ನಗದು ಕೈಗೆ ಬಂದರೆ ದಿನಸಿಗೆ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಈಜುಕೊಳದ ಮೂರು ತಿಂಗಳ ಶುಲ್ಕ, ಸಂಗೀತ ತರಗತಿಯ ವರ್ಷದ ಶುಲ್ಕ, ಇಂಥವನ್ನು ಒಂದೇ ಸಲ ಕಟ್ಟಿ. ಬಸ್ಸಿನಲ್ಲಿ ಪಾಸ್ ಇರುವವರು ಮಾತ್ರ ಹತ್ತಿದ ಕೂಡಲೇ ಕಿಟಕಿಯಾಚೆ ನೋಡುತ್ತಾರೆ, ಉಳಿದವರು ಚಿಲ್ಲರೆ ಎಣಿಸುತ್ತಿರುತ್ತಾರೆ ಎಂದು ಅಪ್ಪ ಹೇಳುತ್ತಿದ್ದರು.

ಹೆಜ್ಜೆ 4: ತಲೆಯೊಳಗಿನ ದರಪಟ್ಟಿಯನ್ನು ತಿದ್ದಿ

ನನ್ನ ತಲೆಯಲ್ಲಿ ಬೂಟಿನ ಬೆಲೆ 90 ರೂಪಾಯಿಗೆ ನಿಂತುಹೋಗಿದೆ, 1990ರ ಶಾಲೆಯ ಬೂಟಿನ ಬೆಲೆ ಅದು. ಅಂಗಡಿಯವನು ಏನು ಹೇಳಿದರೂ ಒಳಗಿನ ಹತ್ತು ವರ್ಷದ ಹುಡುಗ ಹೌಹಾರುತ್ತಾನೆ. ಸುಲಭದ ಲೆಕ್ಕ ಒಂದಿದೆ: 72ನ್ನು ಬೆಲೆಯೇರಿಕೆಯ ಶೇಕಡಾವಾರಿನಿಂದ ಭಾಗಿಸಿದರೆ ಬೆಲೆ ಎಷ್ಟು ವರ್ಷಕ್ಕೆ ಇಮ್ಮಡಿಯಾಗುತ್ತದೆಂದು ತಿಳಿಯುತ್ತದೆ. ಶೇಕಡ 6 ಎಂದಿಟ್ಟುಕೊಂಡರೆ 12 ವರ್ಷ. ಮೂರು ಬಾರಿ ಇಮ್ಮಡಿಯಾದರೆ ಆ 90 ರೂಪಾಯಿ 720 ಆಗುತ್ತದೆ. ಅಂದರೆ 3,600ರ ಬೂಟು ಹುಡುಗ ಹೆದರಿದಂತೆ 40 ಪಟ್ಟು ದುಬಾರಿಯಲ್ಲ, ಐದು ಪಟ್ಟು. ದುಬಾರಿ ಹೌದು, ಆದರೆ ಹೌಹಾರುವಷ್ಟಲ್ಲ.

ಆ ಬೂಟನ್ನು ಎರಡು ವರ್ಷ ಹಾಕಿದರೆ ದಿನಕ್ಕೆ ಐದು ರೂಪಾಯಿ. ದಿನಕ್ಕಿಷ್ಟು ಎಂಬ ಈ ಲೆಕ್ಕ ಬಲು ಮೋಸದ್ದು, ಜಾಣನಾದವನು ಇದರಿಂದ ಕಾರನ್ನೂ ಸಮರ್ಥಿಸಿಕೊಳ್ಳಬಲ್ಲ. ನಿತ್ಯ ಮೈಗೆ ತಾಗುವ ವಸ್ತುಗಳಿಗೆ ಮಾತ್ರ ಬಳಸಿ: ಪಾದರಕ್ಷೆ, ಹಾಸಿಗೆ, ದಿಂಬು, ಕನ್ನಡಕ, ದಿನವಿಡೀ ಕೂರುವ ಕುರ್ಚಿ.

ಹೆಜ್ಜೆ 5: ಸಹಿಸಿಕೊಂಡಿರುವುದನ್ನು ಪಟ್ಟಿ ಮಾಡಿ

ಏನು ಬೇಕು ಎಂದು ಕೇಳಿದರೆ ನಮಗೆ ಉತ್ತರ ಹೊಳೆಯುವುದಿಲ್ಲ. ಬೇಕು ಎನ್ನುವ ಅಭ್ಯಾಸವೇ ತಪ್ಪಿದೆ. ಅದಕ್ಕೆ ಪ್ರಶ್ನೆಯನ್ನೇ ಬದಲಿಸಿ: ಏನನ್ನು ಸಹಿಸಿಕೊಂಡಿದ್ದೀರಿ? ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಒಂದು ದಿನ ಗಮನಿಸುತ್ತ ಹೋಗಿ. ನನಗೆ ಸಿಕ್ಕಿದ್ದು ಇಷ್ಟು: ನೀರು ಹೀರದ ಟವೆಲು, ಓರೆಯಾಗಿ ಹಿಡಿದರೆ ಮಾತ್ರ ಕೆಲಸ ಮಾಡುವ ಚಾರ್ಜರ್, ಹಿಡಿ ಅಲ್ಲಾಡುವ ಕುಕ್ಕರ್, ಮಧ್ಯದಲ್ಲಿ ಗುಂಡಿ ಬಿದ್ದ ಹತ್ತಿಯ ಹಾಸಿಗೆ, ಗೀಚು ಬಿದ್ದ ಕನ್ನಡಕ, ಒಂದು ಕಡ್ಡಿ ಮುರಿದ ಕೊಡೆ. ಟವೆಲು, ಚಾರ್ಜರ್, ಕೊಡೆ ಮೂರೂ ಸೇರಿ 1,500ರೊಳಗೆ ಮುಗಿದವು. ನಾಲ್ಕು ವರ್ಷ ಆ ಚಾರ್ಜರನ್ನು ಓರೆ ಹಿಡಿದುಕೊಂಡು ಕೂತಿದ್ದೆನಲ್ಲ ಎಂದು ಈಗಲೂ ನಗು ಬರುತ್ತದೆ.

ಅಗ್ಗದ್ದರಿಂದ ಆರಂಭಿಸಿ. ಕೈಗೆ ರೂಢಿಯಾಗಲಿ. ಹಾಸಿಗೆ ಆರನೆಯ ತಿಂಗಳಿಗೆ ಬರಲಿ.

ಪಟ್ಟಿಯಲ್ಲಿ ಮಾತ್ರೆ, ರಕ್ತಪರೀಕ್ಷೆ, ಹಲ್ಲಿನ ನೋವು ಸೇರಿದ್ದರೆ ಸಂಗತಿ ಬೇರೆ. ಅವು ಈ ಖಾತೆಯ ಖರ್ಚಲ್ಲ, ಮನೆಯ ಖರ್ಚು, ಮತ್ತು ತಡ ಮಾಡುವಂತಿಲ್ಲ. ಹಣವಿದ್ದೂ ಔಷಧಿಗೆ ಕೈ ಬಾರದಿದ್ದರೆ, ಖರ್ಚಿನ ಯೋಚನೆ ನಿದ್ದೆ ಕೆಡಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಹೆಜ್ಜೆ 6: ತಂದ ದಿನವೇ ಬಳಸಿ

ನಮ್ಮ ಮನೆಗಳಲ್ಲಿ ಕೊಳ್ಳುವುದು ಒಂದು ಗಂಡಾಂತರವಾದರೆ ಬಳಸುವುದು ಇನ್ನೊಂದು. "ನೆಂಟರು ಬಂದರೆ ಬೇಕಾಗುತ್ತದೆ" ಎಂಬ ಒಂದು ಮಾತಿನ ಕೆಳಗೆ ಎಷ್ಟು ವಸ್ತುಗಳು ಮಣ್ಣಾಗಿವೆ! ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ವಾಸನೆಯ ನಡುವೆ ಮಡಿಕೆಯಲ್ಲೇ ಹಳದಿಗಟ್ಟಿದ ಹಾಸುಬಟ್ಟೆ, ಅಟ್ಟದ ಮೇಲೆ ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆಗಳು, ಶೋಕೇಸಿನಲ್ಲಿ ಒಮ್ಮೆಯೂ ಊಟ ಕಾಣದ ತಟ್ಟೆಗಳು. ನನ್ನ ಅತ್ತೆಯ ಮನೆಯಲ್ಲಿ ಸೋಫಾದ ಪ್ಲಾಸ್ಟಿಕ್ ಹೊದಿಕೆ ಹರಿದು ಚಿಂದಿಯಾಯಿತು. ಒಳಗಿನ ಬಟ್ಟೆ ಹೊಸದಾಗಿಯೇ ಇತ್ತು, ಆದರೆ ಅಷ್ಟರಲ್ಲಿ ಸೋಫಾದ ಸ್ಪ್ರಿಂಗುಗಳೇ ಮುಗಿದಿದ್ದವು.

ಆದ್ದರಿಂದ ತಂದ ದಿನವೇ ಡಬ್ಬ ತೆರೆಯಿರಿ, ಚೀಟಿ ಕೀಳಿ, ಮೈಗೆ ಹಚ್ಚಿ. ಡಬ್ಬವನ್ನು ಬಿಸಾಡಿ. "ಒಳ್ಳೆಯ ಡಬ್ಬ, ಯಾವುದಕ್ಕಾದರೂ ಆದೀತು" ಎಂದು ಅದನ್ನು ಅಟ್ಟಕ್ಕೇರಿಸಿದರೆ ಹಿಂದಿರುಗಿಸುವ ಬಾಗಿಲನ್ನು ತೆರೆದಿಟ್ಟಂತೆ. ಹಳೆಯದನ್ನು ಅಂದೇ ಮನೆಯಿಂದಾಚೆ ಕಳುಹಿಸಿ, ಇಲ್ಲವಾದರೆ ಹಳೆಯ ಟವೆಲನ್ನೇ ಬಳಸುತ್ತ ಹೊಸದನ್ನು ಕಾಯುತ್ತ ಕೂರುತ್ತೀರಿ. ಹಳೆಯ ಬನಿಯನ್ ಒರೆಸುವ ಬಟ್ಟೆಯಾಗುವುದಕ್ಕೆ ಮಾತ್ರ ನನ್ನ ವಿನಾಯಿತಿ ಇದೆ. ಕೆಲವು ಸಂಸ್ಕಾರಗಳು ಬಿಡುವಂಥವಲ್ಲ.

ಹೆಜ್ಜೆ 7: ರಾತ್ರಿಗೆ ಪ್ರಾಯಶ್ಚಿತ್ತ ಬೇಡ

ಅಳುಕು ಅಂಗಡಿಯಲ್ಲಿ ಬರುವುದಕ್ಕಿಂತ ಹೆಚ್ಚಾಗಿ ರಾತ್ರಿ ದೀಪ ಆರಿಸಿದ ಮೇಲೆ ಬರುತ್ತದೆ. ಬರಲಿ. ಅದನ್ನು ಓಡಿಸುವ ಉಪಾಯ ನನ್ನ ಬಳಿ ಇಲ್ಲ. ಅದು ಬಂದಾಗ ದಂಡ ಕಟ್ಟದಿರುವುದಷ್ಟೇ ನಿಮ್ಮ ಕೆಲಸ. ಬೂಟು ಕೊಂಡ ಮೇಲೆ ನಾನು ಹದಿನೈದು ದಿನ ಕಚೇರಿಯಲ್ಲಿ ಚಹಾ ಬಿಟ್ಟಿದ್ದೆ, ಆಟೋ ಹಿಡಿಯಬೇಕಾದಲ್ಲಿ ನಡೆದಿದ್ದೆ, ಅದೂ ನೋಯುವ ಹಿಮ್ಮಡಿಯಲ್ಲಿ. ದಂಡ ಕಟ್ಟಿದವನು ತಪ್ಪನ್ನು ಒಪ್ಪಿಕೊಂಡಂತೆ. ಮುಂದಿನ ಸಲ ಮನಸ್ಸು ಇನ್ನೂ ಹೆಚ್ಚು ದಂಡ ಕೇಳುತ್ತದೆ.

ಅದರ ಬದಲು ಒಂದು ಸಣ್ಣ ಪುಸ್ತಕವಿಡಿ. ದಿನಾಂಕ, ವಸ್ತು, ಬೆಲೆ ಬರೆಯಿರಿ. ಒಂದು ತಿಂಗಳ ನಂತರ ಅದೇ ಸಾಲಿನ ಮುಂದೆ "ಮತ್ತೆ ಕೊಳ್ಳುವೆನೇ?" ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದು ಬರೆಯಿರಿ. ಅಳುಕು ಅಷ್ಟರಲ್ಲಿ ಆರಿರುತ್ತದೆ, ನಿಜವಾದ ಪಶ್ಚಾತ್ತಾಪ ಉಳಿದಿರುತ್ತದೆ. ನನ್ನ ಪುಸ್ತಕದಲ್ಲಿ ಹಾಸಿಗೆಯ ಮುಂದೆ ಹೌದು, ಈಜುಕೊಳದ ಮುಂದೆ ಹೌದು, ದುಬಾರಿ ಬೆಲೆಯ ನೆಕ್ಕಿದರೂ ರುಚಿಯಿಲ್ಲದ ಯಾವುದೋ ಚಾಕೊಲೇಟಿನ ಮುಂದೆ ಎರಡು ಗೆರೆ ಎಳೆದ ಇಲ್ಲ. ಎಲ್ಲವೂ ಹೌದು ಆಗಿದ್ದರೆ ನನಗೆ ನನ್ನ ಮೇಲೆಯೇ ಅನುಮಾನ ಬರುತ್ತಿತ್ತು.

ಹೆಜ್ಜೆ 8: "ಎಷ್ಟಾಯಿತು?" ಎಂದಾಗ ನಿಜವಾದ ಬೆಲೆ ಹೇಳಿ

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು, ಎಲ್ಲರೂ ಜಾರುವುದೂ ಇಲ್ಲಿಯೇ. 2,800ರ ಸೀರೆ ತವರಿನ ಹೊಸ್ತಿಲು ದಾಟುವಾಗ 900 ಆಗುತ್ತದೆ, "ರಿಯಾಯಿತಿಯಲ್ಲಿ ಸಿಕ್ಕಿತು" ಎಂಬ ಬಾಲವೂ ಸೇರಿಕೊಳ್ಳುತ್ತದೆ. ಹಿರಿಯರ ಮನಸ್ಸು ನೋಯದಿರಲಿ ಎಂದೇ ನಾವು ಹೀಗೆ ಹೇಳುವುದು. ಆದರೆ ಸುಳ್ಳು ಹೇಳಿದ ಕ್ಷಣದಿಂದ ಖರೀದಿ ನಿಜವಾಗಿಯೂ ಕಳ್ಳಮಾಲಾಗುತ್ತದೆ. ಅದು ವೇಬಿಲ್‌ನಲ್ಲಿ ಬರೆಯದ ಹಣ.

ನಾನು ಮಾಡಿಕೊಂಡ ಎಡವಟ್ಟನ್ನೇ ಹೇಳುತ್ತೇನೆ. ಆ ಬೂಟು ಹಾಕಿಕೊಂಡು ಊರಿಗೆ ಹೋದಾಗ ಅಮ್ಮ ಬಾಗಿಲಲ್ಲೇ ನೋಡಿದರು.

"ಹೊಸದೇನೋ? ಎಷ್ಟಾಯಿತೋ ಇದಕ್ಕೆ?"

"ಒಂಬೈನೂರು ಅಮ್ಮ."

ಅಮ್ಮ ಬಗ್ಗಿ ಅಟ್ಟೆಯನ್ನು ಒತ್ತಿ ನೋಡಿದರು. "ಪರವಾಗಿಲ್ಲ, ಒಳ್ಳೆಯದು ಸಿಕ್ಕಿದೆ. ನಿಮ್ಮಪ್ಪನಿಗೂ ಒಂದು ಜೊತೆ ತಂದುಬಿಡು, ಅವರಿಗೂ ಹಿಮ್ಮಡಿ ನೋವು" ಎಂದು ಒಳಗೆ ಹೋಗಿ ಸಕ್ಕರೆ ಡಬ್ಬಿಯ ಹಿಂದಿನಿಂದ ಒಂಬೈನೂರು ರೂಪಾಯಿ ಎಣಿಸಿ ತಂದು ಕೈಗಿಟ್ಟರು. ಬೇಡವೆಂದರೆ ಸುಳ್ಳು ಬಯಲಾಗುತ್ತದೆ, ತೆಗೆದುಕೊಂಡರೆ ಸುಳ್ಳು ಬೆಳೆಯುತ್ತದೆ. ತೆಗೆದುಕೊಂಡೆ. ಮುಂದಿನ ತಿಂಗಳು ಅಪ್ಪನ ಅಳತೆಯ ಒಂದು ಜೊತೆ ಬೂಟು ತಂದೆ. ಬೆಲೆಯ ಚೀಟಿಯನ್ನು ಡಬ್ಬದ ಮೇಲಿಂದ ಕಿತ್ತಿದ್ದೆ, ಬೂಟಿನ ಒಳಗೆ ಇನ್ನೊಂದಿದೆಯೆಂದು ನೋಡಿರಲಿಲ್ಲ. ಮೂರು ದಶಕ ನೋಟು, ಚಿಲ್ಲರೆ, ಟಿಕೆಟ್ ನಂಬರು ನೋಡಿದ ಕಣ್ಣು ಅಪ್ಪನದು. ಕನ್ನಡಕ ಏರಿಸಿ ಓದಿದರು, ನನ್ನ ಕಡೆ ನೋಡಿದರು, ಬೂಟನ್ನು ತಿರುಗಿಸಿ ಬಗ್ಗಿಸಿ ಪರೀಕ್ಷಿಸಿದರು.

"ಹೊಲಿಗೆ ಗಟ್ಟಿಯಾಗಿದೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅಮ್ಮನ ಒಂಬೈನೂರು ವಾಪಸು ಕೊಡು" ಎಂದರು.

ಅಂದಿನಿಂದ ನಿಜವನ್ನೇ ಹೇಳುತ್ತೇನೆ. ಹೇಳುವುದಕ್ಕೂ ಒಂದು ರೀತಿ ಇದೆ. ಬೆಲೆಯನ್ನು ಮೊದಲು ಹೇಳಿ, ಏಕೆ ಕೊಂಡಿರಿ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ, ಅಲ್ಲಿಗೆ ನಿಲ್ಲಿಸಿ: "3,600 ಅಮ್ಮ. ಹಿಮ್ಮಡಿ ನೋವಿಗೆ." ಸಮರ್ಥನೆ ಉದ್ದವಾದಷ್ಟೂ ಅಪರಾಧಿಯ ಹೇಳಿಕೆಯಂತೆ ಕೇಳಿಸುತ್ತದೆ. ಅವರು "ಅಷ್ಟೊಂದೇ!" ಎನ್ನುತ್ತಾರೆ, ಎನ್ನಲಿ. ಅದು ಅವರ ಕಾಲದ ದರಪಟ್ಟಿ, ತಿದ್ದಲು ಹೋಗಬೇಡಿ. ಎರಡನೆಯ ದಿನ ಅದೇ ಬೂಟನ್ನು ಪಕ್ಕದ ಮನೆಯವರಿಗೆ ತೋರಿಸಿ ಬೆಲೆಯನ್ನೂ ಅಮ್ಮನೇ ಹೇಳುತ್ತಿರುತ್ತಾರೆ, ಕೆಲವೊಮ್ಮೆ ನಾನೂರು ರೂಪಾಯಿ ಸೇರಿಸಿ.

ಅಪ್ಪನ ಬೂಟು ಇನ್ನೂ ಡಬ್ಬದಲ್ಲೇ ಇದೆ. ಸೋದರತ್ತೆಯ ಮೊಮ್ಮಗಳ ಮದುವೆಗೆ ತೆಗೆಯುತ್ತಾರಂತೆ. ಹುಡುಗಿ ಈಗ ಒಂಬತ್ತನೆಯ ತರಗತಿ.